ಏರದ ಗಾಜು, ಇಳಿಯದ ಹಠ

ಗೋಕಾಕದ ಜಲಪಾತವನ್ನು ನೋಡುವುದಾದರೆ ಮಳೆಗಾಲದಲ್ಲಿಯೇ ನೋಡಬೇಕು. ಬೇಸಿಗೆಯಲ್ಲಿ ಬಂದವರಿಗೆ ಕಾಣಸಿಗುವುದು ಬಿಸಿಲಿಗೆ ಕಾದ ಬಂಡೆ ಮಾತ್ರ. ಜುಲೈ ತಿಂಗಳಲ್ಲಿ ಸಹ್ಯಾದ್ರಿಯ ಮಳೆ ಕೆಳಗಿಳಿದಾಗ ಘಟಪ್ರಭೆ ಮಣ್ಣಿನ ಬಣ್ಣ ತಳೆದು, ಕುದುರೆಯ ಲಾಳದಂತೆ ಬಾಗಿದ ಬಂಡೆಯಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ತುಂತುರು ದೂರದ ರಸ್ತೆಯವರೆಗೂ ಹಾರಿ ಬರುತ್ತದೆ. ಅಂಥ ಒಂದು ಜುಲೈ ಶನಿವಾರ ಬೆಳಿಗ್ಗೆ ನಮ್ಮ ಹಳೆಯ ಗಾಡಿಯ ಹಿಂದಿನ ಎಡ ಕಿಟಕಿಯ ಗಾಜು ಕೆಳಗಿಳಿದು ಕುಳಿತದ್ದು ಮತ್ತೆ ಮೇಲೇಳಲೇ ಇಲ್ಲ. ಆ ಕಿಟಕಿಯ ಪಕ್ಕದಲ್ಲಿ ಎಪ್ಪತ್ತೆಂಟು ವರ್ಷದ ನನ್ನ ತಾಯಿ ಕುಳಿತಿದ್ದಳು.

ಗಾಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. 2005ರ ಮಾದರಿಯದು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಗೇರಿನ ದೊಡ್ಡ ಕೋಲಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಕೋಲು. ಅದನ್ನು ಎಳೆದರೆ ಮುಂದಿನ ಚಕ್ರಗಳೂ ದುಡಿಯತೊಡಗುತ್ತವೆ. ನಮ್ಮ ಹೊಲ ಎರೆಭೂಮಿ. ಎರಡು ಮಳೆ ಬಿದ್ದರೆ ಸಾಕು, ಸಾಮಾನ್ಯ ಕಾರು ಅಲ್ಲಿ ಹೂತು ನಿಲ್ಲುತ್ತದೆ. ಆದ್ದರಿಂದ ಮಾಸ್ತರಿಕೆಯ ಸಂಬಳದಲ್ಲಿ ಉಳಿಸಿದ ದುಡ್ಡಿನಿಂದ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. 2019ರ ಆಗಸ್ಟಿನಲ್ಲಿ ಗೋಕಾಕದೊಳಗೆ ಹೊಳೆ ನುಗ್ಗಿದಾಗ ಅದು ಬಾಗಿಲ ಮಟ್ಟದ ನೀರಿನಲ್ಲಿ ಎರಡು ದಿನ ನಿಂತಿತ್ತು. ಎಂಜಿನ್ ತೊಳೆಸಿದೆ, ಸೀಟು ಒಣಗಿಸಿದೆ, ಎಲ್ಲ ಸರಿಹೋಯಿತು ಎಂದುಕೊಂಡೆ. ಹೊಳೆ ಹೋದರೂ ಹೊಳೆಯ ಕೆಲಸ ಮುಗಿದಿರುವುದಿಲ್ಲ ಎಂಬುದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಂದು ನಾವು ಹೊರಟದ್ದು ಹುಕ್ಕೇರಿಗೆ, ಅಕ್ಕನ ಮನೆಗೆ. ಅಕ್ಕನನ್ನು ನೋಡಿ ಬರುವುದು ಹೊರಗಿನ ನೆಪ. ಒಳಗಿನ ಕಾರಣ ಬೇರೆ ಇತ್ತು. ನನ್ನ ಮಗ ಪಿಯುಸಿ ವಿಜ್ಞಾನ ಮುಗಿಸಿದ್ದ. ನೀಟ್ ಪರೀಕ್ಷೆಯಲ್ಲಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಇನ್ನೊಂದು ವರ್ಷ ಕೋಚಿಂಗಿಗೆ ಹಾಕಿ ಮತ್ತೆ ಬರೆಸಬೇಕೆಂಬುದು ನನ್ನ ಹಠ. ನನಗದು ಬೇಡ, ಎಲೆಕ್ಟ್ರಿಕಲ್ ಡಿಪ್ಲೊಮಾ ಸೇರುತ್ತೇನೆ ಎಂಬುದು ಅವನ ಹಠ. ಮೂರು ವಾರದಿಂದ ಮನೆಯಲ್ಲಿ ಇಬ್ಬರೂ ಬೇಕಾದಷ್ಟಕ್ಕೇ ಮಾತಾಡುತ್ತಿದ್ದೆವು. ಅಕ್ಕನ ಯಜಮಾನರ ಮಾತನ್ನು ಅವನು ಕೇಳಿಯಾನು ಎಂದು ಕರೆದುಕೊಂಡು ಹೊರಟಿದ್ದೆ. ಕೋಚಿಂಗಿನ ಮೊದಲ ಕಂತು ಕಟ್ಟಲು ಉಳಿದದ್ದು ನಾಲ್ಕೇ ದಿನ.

ಜಲಪಾತದ ಎದುರಿಗೆ

ಅವ್ವನಿಗೆ ನೀರು ನೋಡುವ ಆಸೆ. ಗಾಡಿ ನಿಲ್ಲಿಸಿ ಗಾಜು ಇಳಿಸಿದೆವು. ಬಂಡೆಯಿಂದ ಬಂಡೆಗೆ ಹಾದುಹೋಗುವ ಉದ್ದನೆಯ ತೂಗುಸೇತುವೆ, ಆಚೀಚೆ ದಂಡೆಗೆ ಚಾಲುಕ್ಯರ ಕಾಲದ ಕಲ್ಲಿನ ಗುಡಿಗಳು, ಪಕ್ಕದಲ್ಲಿ ಹತ್ತಿಯ ಗಿರಣಿ. ನಮ್ಮ ಭಾಗದ ಮಕ್ಕಳಿಗೆ ನಾನು ಪ್ರತಿ ವರ್ಷ ಹೇಳುವ ಸಂಗತಿಯೊಂದಿದೆ. 1887ರಷ್ಟು ಹಿಂದೆಯೇ ಈ ಬೀಳುವ ನೀರಿನ ಬಲದಿಂದ ಗಿರಣಿಯ ಯಂತ್ರಗಳನ್ನು ತಿರುಗಿಸಿದರು. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಅದಕ್ಕಿಂತ ಹದಿನೈದು ವರ್ಷ ಮೊದಲೇ ಘಟಪ್ರಭೆಯ ನೀರು ಇಲ್ಲಿ ಕೂಲಿಗೆ ನಿಂತಿತ್ತು.

ಮಳೆ ಹನಿಯತೊಡಗಿತು. ಗುಂಡಿ ಒತ್ತಿದೆ, ಗಾಜು ಅಲುಗಲಿಲ್ಲ. ಬಾಗಿಲೊಳಗೆ ಮೋಟಾರಿನ ಸದ್ದೂ ಇಲ್ಲ. ಉಳಿದ ಮೂರು ಕಿಟಕಿಗಳು ಚೆನ್ನಾಗಿಯೇ ಏರುತ್ತಿದ್ದವು.

“ಅಪ್ಪಾ, ಹ್ವಾದ ವಾರ ಹಿಂಗ ಆಗಿತ್ತು. ಬಾಗಲಾ ಅರ್ಧಾ ತಗದು ಗುಂಡಿ ಒತ್ತಿದ್ರ ಏರತಿತ್ತು. ತಗದು ನೋಡೂಣು,” ಎಂದ ಮಗ.

ಬಾಗಿಲಿಗೂ ಗಾಜಿಗೂ ಏನು ಸಂಬಂಧ? ಬಿ.ಎಸ್ಸಿ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷ ಓಮ್‌ನ ನಿಯಮ ಕಲಿಸಿದ ನನಗೆ ಆ ಮಾತು ಹುಡುಗಾಟವೆನಿಸಿತು. “ಮೋಟರ್ ಸುಟ್ಟೈತಿ. ಸುಮ್ಮ ಕುಂದರು,” ಎಂದೆ. ಅವನು ಸುಮ್ಮನೆ ಕುಳಿತ.

ಕೊಣ್ಣೂರು ದಾಟುವಾಗ ಮಳೆ ಜೋರಾಯಿತು. ಗೊಬ್ಬರದ ಖಾಲಿ ಚೀಲ ಹರಿದು ಕಿಟಕಿಗೆ ಸಿಕ್ಕಿಸಿದೆವು. ಗಾಳಿಗೆ ಅದು ಕಿತ್ತು ಹೋಯಿತು. ಅವ್ವ ಕೊಡೆ ಬಿಚ್ಚಿ ಅಡ್ಡ ಹಿಡಿದಳು. ಓಡುವ ಗಾಡಿಯೊಳಗೆ ಕೊಡೆ ಹಿಡಿದು ಕುಳಿತ ಮುದುಕಿಯನ್ನು ಕಂಡು ಘಟಪ್ರಭಾ ಸ್ಟೇಷನ್ನಿನ ಹತ್ತಿರ ಜನ ನಕ್ಕರು, ಅವಳೂ ನಕ್ಕಳು. ಹುಕ್ಕೇರಿ ಮುಟ್ಟುವ ಹೊತ್ತಿಗೆ ಅಕ್ಕನಿಗೆಂದು ಒಯ್ದ ಕರದಂಟಿನ ಪೊಟ್ಟಣ ನೆಂದಿತ್ತು. ಅವ್ವನ ಸೀರೆ, ಶಾಲು ಎಲ್ಲ ತೊಯ್ದಿದ್ದವು. ಆ ರಾತ್ರಿಯೇ ಅವಳಿಗೆ ಜ್ವರ ಬಂತು, ಕೆಮ್ಮು ಎದೆಗಿಳಿಯಿತು. ಡಾಕ್ಟರು ಔಷಧ ಕೊಟ್ಟು, ಈ ವಯಸ್ಸಿನಲ್ಲಿ ನೆನೆಯಬಾರದಿತ್ತು ಎಂದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ.

ಹುಕ್ಕೇರಿಯಲ್ಲಿ ಎರಡು ರಾತ್ರಿ

ಹುಕ್ಕೇರಿ ಎಂದರೆ ಹೂವಿನ ಕೇರಿ ಎನ್ನುತ್ತಾರೆ ಊರ ಹಿರಿಯರು. ಇಲ್ಲಿಯ ಗುಲಾಬಿ ಬಿಜಾಪುರದ ಸುಲ್ತಾನರಿಗೆ ಹೋಗುತ್ತಿತ್ತಂತೆ. ಆದಿಲಶಾಹಿ ಕಾಲದ ಮೂರು ಗುಮ್ಮಟಗಳು ಈಗಲೂ ಊರಲ್ಲಿ ನಿಂತಿವೆ. ಆದರೆ ವಿಜ್ಞಾನದ ಮಾಸ್ತರನಿಗೆ ಹುಕ್ಕೇರಿಯ ದೊಡ್ಡ ವಿಶೇಷ ಬೇರೆಯೇ ಇದೆ. ಇಡೀ ಕರ್ನಾಟಕದಲ್ಲಿ ಮನೆಮನೆಗೆ ವಿದ್ಯುತ್ತು ಹಂಚುವ ಸಹಕಾರಿ ಸಂಘ ಇರುವುದು ಇದೊಂದೇ ತಾಲ್ಲೂಕಿನಲ್ಲಿ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಸದಸ್ಯರು ಇಲ್ಲಿಯ ರೈತರೇ. ಹಾಲಿನ ಸಂಘ, ಸಕ್ಕರೆಯ ಸಂಘ ಇದ್ದಂತೆ ಇಲ್ಲಿ ಕರೆಂಟಿನ ಸಂಘ. ಇದೇ ತಾಲ್ಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯವಿದೆ. ಅದರ ಬುಡದಲ್ಲಿ 32 ಮೆಗಾವಾಟಿನ ವಿದ್ಯುದಾಗಾರವಿದೆ. ಗೋಕಾಕದಲ್ಲಿ ಧುಮುಕುವ ನೀರು ಮೊದಲು ಇಲ್ಲಿ ದುಡಿದು ಬರುತ್ತದೆ.

ಭಾನುವಾರ ಅವ್ವನ ಜ್ವರ ಸ್ವಲ್ಪ ಇಳಿದಾಗ ನಾನು ಸ್ಕ್ರೂ ಡ್ರೈವರ್ ಹಿಡಿದು ಗಾಡಿಯ ಬಾಗಿಲ ಒಳಗಿನ ಹಲಗೆ ಬಿಚ್ಚಿದೆ. ಎರಡು ಪ್ಲಾಸ್ಟಿಕ್ ಕ್ಲಿಪ್ಪು ಮುರಿದವು. ಒಳಗಿನ ವ್ಯವಸ್ಥೆ ನೋಡಲು ಸರಳ. ಅಂಗೈಯಷ್ಟು ದೊಡ್ಡ 12 ವೋಲ್ಟಿನ ಮೋಟಾರು. ಅದರ ತುದಿಗೆ ತಿರುಪಿನಂಥ ಹಲ್ಲು, ಆ ಹಲ್ಲಿಗೆ ಕೂಡಿದ ಹಲ್ಲುಚಕ್ರ, ಚಕ್ರದಿಂದ ಕತ್ತರಿಯಂತೆ ತೆರೆದು ಮುಚ್ಚುವ ಎರಡು ಕಬ್ಬಿಣದ ತೋಳು. ತೋಳಿನ ಮೇಲೆ ಗಾಜು ಕುಳಿತಿರುತ್ತದೆ. ಮೋಟಾರಿಗೆ ಬರುವುದು ಎರಡೇ ತಂತಿ. ಒಂದರಿಂದ ವಿದ್ಯುತ್ತು ಹೊಕ್ಕು ಇನ್ನೊಂದರಿಂದ ಹೊರಬಿದ್ದರೆ ಗಾಜು ಏರುತ್ತದೆ. ಗುಂಡಿಯನ್ನು ಆಚೆ ಒತ್ತಿ ದಿಕ್ಕು ಬದಲಿಸಿದರೆ ಇಳಿಯುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲುದು, ಚಕ್ರ ತಿರುಪನ್ನು ತಿರುಗಿಸಲಾರದು. ಆದ್ದರಿಂದಲೇ ಕೈಯಿಂದ ಒತ್ತಿದರೂ ಗಾಜು ಕೆಳಗಿಳಿಯುವುದಿಲ್ಲ. ಹತ್ತನೆಯ ತರಗತಿಯ ಪಾಠ ಇಡಿಯಾಗಿ ಆ ಬಾಗಿಲೊಳಗಿತ್ತು.

ಶಾಲೆಯ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಮಲ್ಟಿಮೀಟರ್ ಚೀಲದಲ್ಲಿತ್ತು. ಮೋಟಾರಿನ ಸಾಕೆಟ್ ಕಳಚಿ, ಗುಂಡಿ ಒತ್ತಿಸಿ, ತಂತಿಗಳ ನಡುವೆ ಅಳೆದೆ. 12.3 ವೋಲ್ಟ್. “ಕರೆಂಟ್ ಬರಾಕತ್ತೈತಿ, ಮೋಟರ್ ಹೋಗೈತಿ,” ಎಂದು ಎಲ್ಲರೆದುರು ತೀರ್ಪು ಕೊಟ್ಟೆ. ಬಿಡಿಭಾಗದ ಅಂಗಡಿಯವರನ್ನು ಕೇಳಿದರೆ ಮೋಟಾರು, ತೋಳು ಸೇರಿ 4,800 ರೂಪಾಯಿ, ಬೆಳಗಾವಿಯಿಂದ ತರಿಸಬೇಕು ಎಂದರು. ಹಳೆಯ ಗಾಡಿಗಳ ವೈರಿಂಗ್ ಚೆನ್ನಾಗಿ ಬಲ್ಲವನೊಬ್ಬ ಮೂಡಲಗಿಯಲ್ಲಿದ್ದಾನೆ, ಬೇಕಾದರೆ ಮೊದಲು ಅಲ್ಲಿ ತೋರಿಸಿರಿ ಎಂದೂ ಹೇಳಿದರು. ವಿವರ ಕೇಳಿದಾಗ ಗೊತ್ತಾಯಿತು, ಅವನು ನನ್ನ ಹಳೆಯ ವಿದ್ಯಾರ್ಥಿ.

ರಾತ್ರಿ ಊಟವಾದ ಮೇಲೆ ಮಾಮಾ ಮಗನನ್ನು ಕರೆದು ಕೂರಿಸಿಕೊಂಡರು. ನನ್ನ ಪರವಾಗಿ ಮಾತಾಡುತ್ತಾರೆಂದು ನಾನು ಕಾದೆ. ಅಷ್ಟರಲ್ಲಿ ಅಕ್ಕಪಕ್ಕದ ಪಂಪಸೆಟ್ಟುಗಳು ಶುರುವಾದವೇನೋ, ಅಂಗಳದ ದೀಪ ಮಂದವಾಯಿತು. “ಯಾಕ ಹಿಂಗ ಆಗತೈತಿ ಗೊತ್ತೇನೋ?” ಎಂದು ಮಾಮಾ ಸುಮ್ಮನೆ ಕೇಳಿದರು. ಮಗ ಹೇಳಿದ: “ಟ್ರಾನ್ಸ್‌ಫಾರ್ಮರಿನಿಂದ ಇಲ್ಲೀತನಾ ತಂತಿ ಉದ್ದ ಐತ್ರಿ ಮಾಮಾ. ಉದ್ದ ಇದ್ದಷ್ಟ ತಡೆ ಜಾಸ್ತಿ. ಖಾಲಿ ಇದ್ದಾಗ ವೋಲ್ಟೇಜ್ ಪೂರಾ ಕಾಣತೈತಿ. ಮೋಟರು ಚಾಲೂ ಆಗಿ ಕರೆಂಟ್ ಎಳದ ಮ್ಯಾಲೆ ದಾರಿಯೊಳಗನ ಅರ್ಧಾ ಕಳೀತೈತಿ.”

ಮಾಮಾ ನನ್ನ ಮುಖ ನೋಡಿದರು. ಉತ್ತರ ಸರಿಯಾಗಿತ್ತು. ಮಧ್ಯಾಹ್ನ ನಾನು ಕೊಟ್ಟ ತೀರ್ಪಿಗೂ ಈ ಉತ್ತರಕ್ಕೂ ಏನೋ ಸಂಬಂಧವಿದೆ ಎಂದು ಒಳಗೊಳಗೇ ಅನಿಸಿತು. ಆದರೆ ಅದೇನೆಂದು ಹೊಳೆಯಲಿಲ್ಲ. ಹೊಳೆಯಲು ಮನಸ್ಸು ಬಿಡಲಿಲ್ಲ ಎಂದರೂ ಸರಿಯೇ.

ಮೂಡಲಗಿಯ ಪಾಠ

ಸೋಮವಾರ ರಜೆ ಹಾಕಿದೆ. ಅವ್ವನನ್ನು ಅಕ್ಕನ ಮನೆಯಲ್ಲಿಯೇ ಬಿಟ್ಟು ನಾನೂ ಮಗನೂ ಘಟಪ್ರಭಾ, ಅರಭಾವಿ ಕಡೆಯಿಂದ ಮೂಡಲಗಿಗೆ ಹೊರಟೆವು. ಎರಡೂ ಕಡೆ ಕಬ್ಬು. ಒಂದು ಕಾಲಕ್ಕೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಈಗ ತಾನೇ ತಾಲ್ಲೂಕು ಕೇಂದ್ರ. ಶಿವಬೋಧರಂಗ ಮಠದ ಊರು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲೇ ಸಾಲು. ಟ್ರ್ಯಾಕ್ಟರು ಇದ್ದಲ್ಲಿ ಗ್ಯಾರೇಜೂ ಇರಬೇಕಷ್ಟೇ.

ತಗಡಿನ ಛಾವಣಿಯ ಕೆಳಗೆ ಡೈನಮೋ ಒಂದನ್ನು ಬಿಚ್ಚುತ್ತ ಕುಳಿತಿದ್ದವನು ನನ್ನನ್ನು ನೋಡಿ ಎದ್ದು ನಿಂತ. “ಸರ, ನಮಸ್ಕಾರ್ರೀ. ಬರ್ರಿ ಬರ್ರಿ.” ಹತ್ತನೆಯ ತರಗತಿಯಲ್ಲಿ ಅವನು ವಿಜ್ಞಾನದಲ್ಲಿಯೇ ನಪಾಸಾಗಿದ್ದ. ಆಮೇಲೆ ಮತ್ತೆ ಕಟ್ಟಿ ಪಾಸು ಮಾಡಿ ಐಟಿಐ ಓದಿದ್ದ. ಅವನ ಕುರಿತು “ಗಮನ ಸಾಲದು” ಎಂದು ನಾನು ಬರೆದದ್ದು ನನಗೆ ನೆನಪಿತ್ತು. ಅವನಿಗೂ ನೆನಪಿತ್ತೇ ಎಂದು ನಾನು ಕೇಳಲಿಲ್ಲ.

ಮೋಟಾರು ಸುಟ್ಟಿದೆ, 12.3 ವೋಲ್ಟು ಬರುತ್ತಿದೆ ಎಂದು ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು ಬೇರೊಂದು ಪ್ರಶ್ನೆ ಹಾಕಿದ: “ಯಾವಾಗ ನಡೀತಿತ್ತು, ಯಾವಾಗ ನಿಂದರತಿತ್ತು? ಯಾರರ ನೋಡೀರೇನ್ರಿ?”

ಮಗ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಅವನು ಬಾಗಿಲಿನ ಮಾತು ಹೇಳಿದ.

“ಹಂಗಾರ ಅರ್ಧಾ ಕೆಲಸ ನೀನ ಮಾಡೀಯಲ್ಲೋ ತಮ್ಮಾ,” ಎಂದು ಅವನು ಮೀಟರನ್ನು ಮುಟ್ಟದೆ ಒಂದು ಬಲ್ಬು ತೆಗೆದ. ಗಾಡಿಯ ಇಂಡಿಕೇಟರಿಗೆ ಹಾಕುವ 21 ವಾಟಿನ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪು. ಮೋಟಾರಿನ ಜಾಗದಲ್ಲಿ ಅದನ್ನು ಸಿಕ್ಕಿಸಿ ಮಗನಿಗೆ ಗುಂಡಿ ಒತ್ತಲು ಹೇಳಿದ. ಬಲ್ಬು ಉರಿಯಿತು, ಆದರೆ ಮಬ್ಬಾಗಿ, ಕೆಂಪಗೆ. “ಈಗ ನಿಮ್ಮ ಮೀಟರ್ ಹಚ್ಚರಿ ಸರ.” ಹಚ್ಚಿದೆ. 12.3 ಇದ್ದದ್ದು 7ಕ್ಕೆ ಇಳಿದಿತ್ತು. ಅವನು ಬಾಗಿಲನ್ನು ನಿಧಾನವಾಗಿ ತೆರೆದ, ಮುಚ್ಚಿದ. ಬಲ್ಬು ಒಮ್ಮೆ ಝಗ್ಗನೆ ಬೆಳಗಿತು, ಮತ್ತೆ ಕಂದಿತು.

ಆಗ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಓದುವ ವಿದ್ಯಾರ್ಥಿಗಳಿಗಾಗಿ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಡಿಜಿಟಲ್ ಮೀಟರಿನ ಒಳಗಿನ ತಡೆ ಒಂದು ಕೋಟಿ ಓಮಿನಷ್ಟು. ಅದರೊಳಗೆ ಹರಿಯುವ ವಿದ್ಯುತ್ತು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗದಷ್ಟು ಮಾತ್ರ. ದಾರಿಯಲ್ಲಿ ಕೆಟ್ಟ ಜೋಡಣೆ ಇದ್ದರೂ ಅಷ್ಟು ಸಣ್ಣ ಹರಿವಿಗೆ ಅಲ್ಲಿ ಏನೂ ಕಳೆಯುವುದಿಲ್ಲ. ಆದ್ದರಿಂದ ಮೀಟರು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಬಲ್ಬು ಒಂದೂಕಾಲು ಆಂಪಿಯರಿನಷ್ಟು ಎಳೆದಾಗ ದಾರಿಯಲ್ಲೇ 5 ವೋಲ್ಟಿಗಿಂತ ಹೆಚ್ಚು ಕಳೆದುಹೋಯಿತು. ಭಾಗಿಸಿ ನೋಡಿದರೆ ದಾರಿಯಲ್ಲಿ ಎಲ್ಲೋ ಸುಮಾರು 4 ಓಮಿನ ತಡೆ ಕುಳಿತಿದೆ. ನಿಂತ ಮೋಟಾರಿನ ಸುರುಳಿಯ ತಡೆ ಸುಮಾರು 1 ಓಮ್ ಎಂದು ಹಿಡಿಯಿರಿ. ಒಟ್ಟು 5 ಓಮ್; 12 ವೋಲ್ಟಿಗೆ 2.4 ಆಂಪಿಯರ್. ಮೋಟಾರಿಗೆ ಸಿಕ್ಕದ್ದು 2.4 ವೋಲ್ಟು, ಉಳಿದ 9.6 ವೋಲ್ಟು ಕೆಟ್ಟ ಜಾಗದಲ್ಲಿಯೇ ಸೋರಿತು. ಹಸಿದವನ ತಾಟಿಗೆ ಐದನೆಯ ಒಂದು ಪಾಲು ಬಿದ್ದರೆ ಅವನು ಹೇಗೆ ಎದ್ದಾನು? ಮೋಟಾರು ಸುಟ್ಟಿರಲಿಲ್ಲ, ಉಪವಾಸವಿತ್ತು.

ಹೊಲಕ್ಕೆ ನೀರು ಹಾಯಿಸುವ ಮಕ್ಕಳಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಪೈಪಿನಲ್ಲಿ ಅರ್ಧ ಮಣ್ಣು ಕಟ್ಟಿದೆ ಎನ್ನಿ. ತುದಿಯ ನಳ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ನಳ ತೆರೆದರೆ ನೀರು ತೊಟ್ಟಿಕ್ಕುತ್ತದೆ. ನಾನು ನಳ ಮುಚ್ಚಿ ಒತ್ತಡ ಅಳೆದು, ನೀರು ಚೆನ್ನಾಗಿ ಬರುತ್ತಿದೆ ಎಂದಿದ್ದೆ. ಹಿಂದಿನ ರಾತ್ರಿ ಮಗ ಹುಕ್ಕೇರಿಯ ದೀಪದ ಬಗ್ಗೆ ಹೇಳಿದ್ದೂ ಇದನ್ನೇ.

ಕೆಟ್ಟ ಜಾಗ ಸಿಕ್ಕದ್ದು ಬಾಗಿಲ ತಿರುಗಣಿಯ ಪಕ್ಕ. ಗಾಡಿಯ ಮೈಯಿಂದ ಬಾಗಿಲೊಳಗೆ ತಂತಿಗಳು ಹೋಗುವಲ್ಲಿ ಸುಕ್ಕುಸುಕ್ಕಾದ ರಬ್ಬರಿನ ಕೊಳವೆ ಇರುತ್ತದೆ. ಬಾಗಿಲು ತೆರೆದು ಮುಚ್ಚಿದಷ್ಟು ಸಲ ತಂತಿ ಅಲ್ಲಿ ಬಾಗುತ್ತದೆ. ದಿನಕ್ಕೆ ಹತ್ತು ಸಲ ಎಂದರೂ ಇಪ್ಪತ್ತು ವರ್ಷಕ್ಕೆ ಎಪ್ಪತ್ತು ಸಾವಿರ ದಾಟುತ್ತದೆ. ಒಂದು ತಂತಿಯ ಮೇಲಿನ ಪ್ಲಾಸ್ಟಿಕ್ ಸೀಳಿ, ಒಳಗಿನ ತಾಮ್ರದ ಎಳೆಗಳು ಬಹುತೇಕ ಹರಿದಿದ್ದವು. ಉಳಿದವು ಹಸಿರು ಕಿಲುಬು ಹಿಡಿದು ಪುಡಿಯಾಗುವಂತಿದ್ದವು. ಕೊಳವೆಯೊಳಗಿಂದ ಒಣಗಿದ ಕಂದು ಮಣ್ಣು ಉದುರಿತು. 2019ರ ಹೊಳೆಯ ಮಣ್ಣು. ಬಾಗಿಲ ತಳದಲ್ಲಿ ನೀರು ಇಳಿದುಹೋಗಲು ಇರುವ ಸಣ್ಣ ತೂತುಗಳೂ ಅದೇ ಮಣ್ಣಿನಿಂದ ಮುಚ್ಚಿದ್ದವು. ಮಳೆ ನೀರು ಬಾಗಿಲೊಳಗೇ ನಿಂತು ತೇವ ಆರದೆ ಉಳಿಯುತ್ತಿತ್ತು.

ನಾನು ಬೆಸುಗೆ ಹಾಕಿಬಿಡೋಣ ಎಂದೆ. ಅವನು ಬೇಡವೆಂದ. “ಬೆಸುಗಿ ಹಾಕಿದಲ್ಲಿ ತಂತಿ ಕಡ್ಡಿ ಆಗತೈತ್ರಿ ಸರ. ಬಾಗು ಜಾಗಾದಾಗ ಕಡ್ಡಿ ಇರಬಾರದು. ಅದರ ಬಾಜೂಕ ಮತ್ತ ಮುರೀತೈತಿ.” ಅವನು ಕೊಳವೆಯ ಎರಡೂ ಕಡೆ ಒಂದೊಂದು ಗೇಣು ದೂರದವರೆಗೆ ಹಳೆಯ ತಂತಿ ಕತ್ತರಿಸಿ, ಸಣ್ಣ ಎಳೆಗಳ ಮೆತ್ತಗಿನ ಹೊಸ ತಂತಿ ಎಳೆದ. ಜೋಡಣೆಗಳು ಬಾಗದ ಜಾಗದಲ್ಲಿ ಬರುವಂತೆ ನೋಡಿಕೊಂಡ. ಇನ್ನೊಂದು ತಂತಿ ನೋಡಲು ಚೆನ್ನಾಗಿದ್ದರೂ ಅದನ್ನೂ ಬದಲಿಸಿದ. ವಸ್ತು ಪದೇ ಪದೇ ಬಾಗಿ ದಣಿದು ಮುರಿಯುವುದನ್ನು ಪುಸ್ತಕದಲ್ಲಿ ಲೋಹದ ದಣಿವು ಎನ್ನುತ್ತೇವೆ. ಅವನು ಆ ಪದ ಬಳಸಲಿಲ್ಲ. ಅದರ ಜೊತೆ ದಿನವೂ ಕೆಲಸ ಮಾಡುತ್ತಿದ್ದ.

ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಅವನು ಮಗನ ಕೈಯಿಂದಲೇ ಮಾಡಿಸಿದ. ಮಗನ ಕೈ ನಡುಗಲಿಲ್ಲ. ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲಿಯೇ ಕಾಗದದ ಮೇಲೆ ಸಾಲಾಗಿ ಇಟ್ಟಿದ್ದ. ಹುಕ್ಕೇರಿಯಲ್ಲಿ ನಾನು ಬಿಚ್ಚಿದಾಗ ಎರಡು ಸ್ಕ್ರೂ ಕಳೆದುಹೋಗಿದ್ದವು. ಕೊನೆಗೆ ಗುಂಡಿ ಒತ್ತಿದಾಗ ಗಾಜು ಸರ್ರನೆ ಏರಿ ಮೇಲಿನ ರಬ್ಬರಿಗೆ ತಾಗಿ ನಿಂತಿತು.

ಎಷ್ಟು ಕೊಡಬೇಕು ಎಂದೆ. ನಿಮ್ಮ ಕಡೆ ರೊಕ್ಕ ಹ್ಯಾಂಗ ತಗೊಳ್ಳಲ್ರಿ ಎಂದ. “ನಾ ಪಾಠಾ ಹೇಳಿದ್ದಕ್ಕ ಪಗಾರ ತಗೊಂಡೇನಪ್ಪಾ, ನೀನೂ ತಗೋ,” ಎಂದೆ. 350 ರೂಪಾಯಿ ತೆಗೆದುಕೊಂಡ. ಹೊರಡುವಾಗ ಮಗನಿಗೆ ಒಂದು ಟೆಸ್ಟ್ ಲ್ಯಾಂಪು ಕೊಟ್ಟ.

ತಾವೇ ಕೈ ಹಾಕುವವರಿಗೆ

ಹಳೆಯ ಗಾಡಿ ಇರುವ ಮನೆಗಳು ನಮ್ಮ ಕಡೆ ಬಹಳ. ಅವರಿಗಾಗಿ ನಾಲ್ಕು ಮಾತು. ನಾಲ್ಕೂ ಕಿಟಕಿ ನಿಂತರೆ ಮೊದಲು ಫ್ಯೂಜು ನೋಡಿರಿ. ಒಂದೇ ನಿಂತು, ಡ್ರೈವರನ ಗುಂಡಿಯಿಂದ ಏರಿದರೆ ಆ ಬಾಗಿಲ ಗುಂಡಿಯ ಕಿಲುಬು ಕಾರಣವಿರಬಹುದು. ಬಾಗಿಲು ಅಲುಗಿಸಿದಾಗ ಏರಿದರೆ ತಿರುಗಣಿಯ ತಂತಿ. ಮೋಟಾರು ಗುಂಯ್ ಎಂದರೂ ಗಾಜು ಏಳದಿದ್ದರೆ ಹಲ್ಲು, ತೋಳು ಅಥವಾ ಎಳೆಯುವ ಕೇಬಲ್ಲು ಹೋಗಿದೆ. ನಿಧಾನವಾಗಿ ತಿಣುಕುತ್ತ ಏರಿದರೆ ಗಾಜು ಜಾರುವ ರಬ್ಬರಿನ ಕಾಲುವೆಯಲ್ಲಿ ಧೂಳು ಕಟ್ಟಿದೆ. ಒದ್ದೆ ಬಟ್ಟೆಯಿಂದ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅಲ್ಲಿ ಗ್ರೀಸು ಹಚ್ಚಿದರೆ ಮತ್ತಷ್ಟು ಧೂಳು ಅಂಟುತ್ತದೆ.

ಬಾಗಿಲೊಳಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಋಣ ತಂತಿ ಕಳಚಿರಿ. ಗಾಜನ್ನು ಗಟ್ಟಿ ಟೇಪಿನಿಂದ ಚೌಕಟ್ಟಿಗೆ ಕಟ್ಟಿರಿ. ತೋಳು ಕಳಚಿದಾಗ ಅದು ಕತ್ತಿಯಂತೆ ಕೆಳಗೆ ಬೀಳುತ್ತದೆ. ಪರೀಕ್ಷಿಸಲು ಗುಂಡಿ ಒತ್ತುವಾಗ ಯಾರ ಬೆರಳೂ ಒಳಗಿರಬಾರದು. ಹೊಸ ಗಾಡಿಗಳ ಬಾಗಿಲ ಸುತ್ತ ಏರ್‌ಬ್ಯಾಗಿನ ತಂತಿಗಳೂ ಇರಬಹುದು, ಅವುಗಳನ್ನು ತಿಳಿದವರಿಗೇ ಬಿಡಿರಿ. ಎಲ್ಲಕ್ಕಿಂತ ದೊಡ್ಡ ಮಾತು: ಚಾವಿ ಹಾಕಿದ ಗಾಡಿಯಲ್ಲಿ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿರಿ. ಹಳೆಯ ಗಾಡಿಯ ಗಾಜು ನಡುವೆ ಕೈ ಬಂತೋ ಕುತ್ತಿಗೆ ಬಂತೋ ನೋಡುವುದಿಲ್ಲ.

ಮತ್ತೆ ಗೋಕಾಕ

ಮೂಡಲಗಿಯಿಂದ ಕಲ್ಲೋಳಿ ಮೇಲೆ ಮನೆಗೆ ಬಂದೆವು. ಲೋಳಸೂರ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿದೆ. 2019ರಲ್ಲಿ ಈ ಸೇತುವೆಯೇ ಮುಳುಗಿತ್ತು. ಅಂದು ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು.

“ಶನಿವಾರ ನೀ ಹೇಳಿದ್ದ ಕೇಳಿದ್ರ ಆಯಿ ತೋಯತಿದ್ದಿಲ್ಲ,” ಎಂದೆ. ಮಗ ತಕ್ಷಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನನಗೂ ಯಾಕ ಅಂತ ಗೊತ್ತಿದ್ದಿಲ್ಲ ಅಪ್ಪಾ. ನೋಡಿದ್ದಷ್ಟ ಹೇಳಿದ್ನಿ,” ಎಂದ. ನೋಡಿದ್ದನ್ನು ನೋಡಿದಷ್ಟೇ ಹೇಳುವುದು ವಿಜ್ಞಾನದ ಮೊದಲ ಮೆಟ್ಟಿಲು ಎಂದು ಪ್ರತಿ ಜೂನಿನಲ್ಲಿ ಕರಿಹಲಗೆಯ ಮೇಲೆ ಬರೆಯುವವನು ನಾನು.

ಓಮ್ ಎಂಬ ಹೆಸರು ನಮ್ಮ ಮಕ್ಕಳಿಗೆ ಒಂದು ಸೂತ್ರವಾಗಿ ಮಾತ್ರ ಗೊತ್ತು. ಜರ್ಮನಿಯ ಗೇಯಾರ್ಗ್ ಓಮ್ ಕೊಲೋನ್ ನಗರದ ಒಂದು ಶಾಲೆಯಲ್ಲಿ ಗಣಿತ, ಭೌತಶಾಸ್ತ್ರದ ಮಾಸ್ತರನಾಗಿದ್ದಾಗ ತಂತಿಗಳ ಪ್ರಯೋಗ ಮಾಡಿದ. 1827ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಅವನ ತಂದೆ ಬೀಗ ಮಾಡುವ ಕಸಬಿನವನು. ತಾನೇ ಓದಿ ಕಲಿತು, ಮಕ್ಕಳಿಗೂ ಕಲಿಸಿದ. ಓಮ್‌ನ ನಿಯಮ ಬೀಗದ ಕುಲುಮೆಯಿಂದ ಬಹಳ ದೂರದಲ್ಲೇನೂ ಹುಟ್ಟಲಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಆದರೆ ನನ್ನ ಮನೆಯ ಹುಡುಗನ ವಿಷಯದಲ್ಲಿ ಅದನ್ನು ನೆನಪಿಸಿಕೊಂಡಿರಲಿಲ್ಲ.

ಬುಧವಾರ ಸಂಜೆ ಅವ್ವನನ್ನು ಕರೆತರಲು ಹುಕ್ಕೇರಿಗೆ ಹೋದೆವು. ಜ್ವರ ಬಿಟ್ಟಿತ್ತು, ಕೆಮ್ಮು ಇನ್ನೂ ಇತ್ತು. ಕೋಚಿಂಗಿನ ದುಡ್ಡು ಕಟ್ಟಲು ಅಂದೇ ಕೊನೆಯ ದಿನ, ನಾನು ಕಟ್ಟಿರಲಿಲ್ಲ. ಹಾಗೆಂದು ಮಗನಿಗೆ ಹೇಳಲೂ ಆಗಿರಲಿಲ್ಲ. ಅವ್ವ ಗಾಡಿ ಹತ್ತಿ ಕುಳಿತು ತಾನೇ ಗುಂಡಿ ಒತ್ತಿ ಗಾಜು ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಆಮೇಲೆ ಹಿಂದಿನಿಂದಲೇ ಅಂದಳು: “ನಿಮ್ಮಪ್ಪ ನಿನಗ ತಲಾಠಿ ಆಗು ಅಂದಿದ್ರು. ಮಾಸ್ತರ ಆಗತೇನಂತ ನೀ ಎರಡ ದಿನ ಉಂಡಿದ್ದಿಲ್ಲ. ನೆನಪ ಐತೇನು?”

ನೆನಪಿತ್ತು. “ಡಿಪ್ಲೊಮಾದ ಫಾರ್ಮ್ ಯಾವಾಗ ತುಂಬೂದೈತಿ?” ಎಂದು ಮಗನನ್ನು ಕೇಳಿದೆ. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು.

ಎಲ್ಲ ಮಕ್ಕಳೂ ಡಿಪ್ಲೊಮಾ ಸೇರಬೇಕು, ಯಾರೂ ವೈದ್ಯರಾಗಬಾರದು ಎಂದು ನಾನು ಹೇಳುತ್ತಿಲ್ಲ. ಅವ್ವನ ಎದೆಯ ಕೆಮ್ಮಿಗೆ ಔಷಧ ಕೊಟ್ಟವರು ಡಾಕ್ಟರೇ. ತಂದೆತಾಯಿಗಳಿಗೆ ನನ್ನ ವಿನಂತಿ ಇಷ್ಟೇ. ಮಕ್ಕಳನ್ನು ಅಳೆಯುವಾಗ ನನ್ನಂತೆ ಖಾಲಿ ತಂತಿಯಲ್ಲಿ ಮೀಟರು ಹಚ್ಚಿ ತೀರ್ಪು ಕೊಡಬೇಡಿರಿ. ಏನಾದರೊಂದು ಕೆಲಸ ಕೊಟ್ಟು, ಆಗ ಎಷ್ಟು ಬೆಳಗುತ್ತಾರೆ ನೋಡಿರಿ.

ಈಗ ನನ್ನ ತರಗತಿಯಲ್ಲಿ ಆ ಕಿಲುಬು ಹಿಡಿದ ತಂತಿಯ ತುಂಡು ಇದೆ. ಓಮ್‌ನ ನಿಯಮದ ದಿನ ಅದನ್ನೂ ಒಂದು ಬಲ್ಬನ್ನೂ ತೆಗೆಯುತ್ತೇನೆ. ಆಮೇಲೆ ಒಂದು ಲೆಕ್ಕ ಕೊಡುತ್ತೇನೆ. ಗಾಜು ಏರಿಸುವ ಮೋಟಾರು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದು 5 ಸೆಕೆಂಡು ತಿರುಗಿದರೆ 300 ಜೂಲ್ ಶಕ್ತಿ ಬೇಕು. 3 ಕಿಲೋ ಗಾಜನ್ನು 40 ಸೆಂಟಿಮೀಟರ್ ಎತ್ತಲು ನಿಜಕ್ಕೂ ಬೇಕಾದದ್ದು 12 ಜೂಲಿನಷ್ಟೇ; ಉಳಿದದ್ದೆಲ್ಲ ರಬ್ಬರಿನ ತಿಕ್ಕಾಟಕ್ಕೆ, ಹಲ್ಲುಗಳ ತಿಕ್ಕಾಟಕ್ಕೆ, ಸುರುಳಿಯ ಬಿಸಿಗೆ. ಇನ್ನು ನಮ್ಮ ಜಲಪಾತದಲ್ಲಿ ಒಂದು ಲೀಟರ್ ನೀರು 52 ಮೀಟರ್ ಬಿದ್ದರೆ ಬಿಡುಗಡೆಯಾಗುವ ಶಕ್ತಿ ಸುಮಾರು 510 ಜೂಲ್. ಒಂದು ತಂಬಿಗೆ ನೀರು ಅಷ್ಟೆತ್ತರದಿಂದ ಬಿದ್ದರೆ ಅವ್ವನ ಕಿಟಕಿಯನ್ನು ಒಮ್ಮೆ ಏರಿಸಿ ಮಿಕ್ಕುವಷ್ಟು ಬಲ ಅದರಲ್ಲಿದೆ. ಆದರೆ ಅದು ಕಿಟಕಿಯವರೆಗೆ ಬಂದು ಮುಟ್ಟಬೇಕು. ನಡುವಿನ ತಂತಿ ಚೆನ್ನಾಗಿರಬೇಕು.

ಮುಂದಿನ ಜುಲೈಯಲ್ಲಿ ಜಲಪಾತ ನೋಡಲು ಬರುವವರು ಗಾಜು ಇಳಿಸಿ ನೋಡಿರಿ. ಏರುತ್ತದೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ಒಮ್ಮೆ ಪರೀಕ್ಷಿಸಿ ಬನ್ನಿರಿ. ಹಿಂದಿನ ಸೀಟಿನಿಂದ ಹುಡುಗನೊಬ್ಬ ಏನಾದರೂ ಹೇಳಿದರೆ ಅದನ್ನೂ ಒಂದಿಷ್ಟು ಕೇಳಿಸಿಕೊಳ್ಳಿರಿ.